ಅಂಕಪಟ್ಟಿಯಲ್ಲಿ ಹೊಳೆಗೊಂದು ಕಾಲಂ

ಹೂಮಳೆ ಬಿದ್ದು ಕಾಫಿ ತೋಟಗಳು ಬೆಳ್ಳಗಾಗಿ, ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಕೊಡಗಿನಲ್ಲಿ ಮೈದಾನ ಖಾಲಿ ಇರುವ ಮಾತೇ ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಕೂಡಿಸಿ ಆರಂಭಿಸಿದ ಕೊಡವ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಗಳ ಜಾತ್ರೆಯಾಗಿತ್ತು. ಗೌಡ ಕುಟುಂಬಗಳ ಕ್ರಿಕೆಟ್ ಬೇರೆ. ಸುಂಟಿಕೊಪ್ಪದಲ್ಲಿ ಡಿ. ಶಿವಪ್ಪ ಸ್ಮಾರಕ ಗೋಲ್ಡ್ ಕಪ್ ಫುಟ್‌ಬಾಲ್. ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟ, ವಿರಾಜಪೇಟೆ ಕಡೆ ನಾಲ್ಕು ಕಂಬ ನೆಡುವಷ್ಟು ಸಮತಟ್ಟು ಜಾಗ ಇದ್ದರೆ ಸಾಕು, ಅಲ್ಲೊಂದು ಕಪ್ ಹುಟ್ಟಿಕೊಳ್ಳುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡೋಣ. 2011ರ ಜನಗಣತಿಯ ಪ್ರಕಾರ ಕೊಡಗಿನಲ್ಲಿ ಸಾವಿರ ಗಂಡಸರಿಗೆ 1019 ಹೆಂಗಸರು. ಈ ಮಣ್ಣಿನ ಹೆಣ್ಣುಮಕ್ಕಳ ಬಗ್ಗೆ ವೇದಿಕೆಯ ಮೇಲೆ ನಮಗೆ ಹೆಮ್ಮೆಯೋ ಹೆಮ್ಮೆ. ಅಶ್ವಿನಿ ನಾಚಪ್ಪ, ಅಶ್ವಿನಿ ಪೊನ್ನಪ್ಪ, ಜೋಶ್ನಾ ಚಿನ್ನಪ್ಪ ಎಂದು ಒಂದೇ ಉಸಿರಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಕೊಡವ ಹಾಕಿಯಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡಕ್ಕೆ ಆಡುವುದುಂಟು; ಅದು ನಿಜಕ್ಕೂ ಹೆಮ್ಮೆಯ ವಿಷಯವೇ. ಆದರೆ ಊರ ಫುಟ್‌ಬಾಲ್ ಕಪ್ಪಿನ ಕರಪತ್ರ ತೆಗೆದು ನೋಡಿ. ಹೆಂಗಸರಿಗೆ ನಿಂಬೆಹಣ್ಣು ಚಮಚದ ಓಟ, ಸಂಗೀತ ಕುರ್ಚಿ, ಮನಸ್ಸು ದೊಡ್ಡದಿದ್ದರೆ ಹಗ್ಗಜಗ್ಗಾಟ. ಮಹಿಳಾ ಫುಟ್‌ಬಾಲ್ ಇದ್ದರೂ ಅದು ಫೈನಲ್‌ಗೆ ಮುಂಚೆ, ಗಣ್ಯರ ಕಾರು ಬರುವುದು ತಡವಾದಾಗ ಹೊತ್ತು ತುಂಬಿಸುವ ಪ್ರದರ್ಶನ ಪಂದ್ಯ.

ಈಚೆಗೆ ಇದಕ್ಕೊಂದು ಹೊಸ ಅಲಂಕಾರ ಸೇರಿದೆ. ಮಹಿಳಾ ಪಂದ್ಯವೆಂದರೆ ಅದರ ನೆತ್ತಿಯ ಮೇಲೊಂದು ಸಂದೇಶ ಇರಲೇಬೇಕು: ‘ಪರಿಸರ ಉಳಿಸಿ’, ‘ಹೆಣ್ಣುಮಗುವನ್ನು ಓದಿಸಿ’. ಬರೆಯಿಸುವುದು ಫ್ಲೆಕ್ಸ್ ಮೇಲೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ನಮ್ಮ ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ನಿಷೇಧಿತ ವಸ್ತುವಿನ ಮೇಲೆ ಪರಿಸರದ ಘೋಷಣೆ ಅಚ್ಚು ಹಾಕಿಸಿ, ಅದರ ಕೆಳಗೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿ, ಸಂಜೆ ಮೈದಾನದ ತುಂಬ ನೀರಿನ ಬಾಟಲಿ ಬಿಟ್ಟು ಮನೆಗೆ ಹೋಗುವ ಕಮಿಟಿಗಳೇ, ನಿಮ್ಮ ಜೊತೆಗೇ ನನ್ನ ಜಗಳ. ಜಗಳವಾಡುತ್ತಿರುವುದು ನಿಮ್ಮಿಂದ ಆಗದು ಎಂದಲ್ಲ, ಆಗುತ್ತದೆ ಎಂದೇ.

ಹೆಂಗಸರ ಹವ್ಯಾಸಿ ಫುಟ್‌ಬಾಲ್ ಸಮಾಜದ ಕೆಲಸಕ್ಕೆ ಇಳಿದದ್ದು ಇಂದು ನಿನ್ನೆಯಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಡಿಕ್, ಕೆರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹುಡುಗಿಯರು 1917ರ ಕ್ರಿಸ್‌ಮಸ್ ದಿನ ಗಾಯಾಳು ಸೈನಿಕರ ಆಸ್ಪತ್ರೆಗೆ ಹಣ ಕೂಡಿಸಲು ಪಂದ್ಯವಾಡಿದರು. ಹತ್ತು ಸಾವಿರ ಜನ ಸೇರಿದ್ದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗೂಡಿಸನ್ ಪಾರ್ಕ್‌ನಲ್ಲಿ ಅವರ ಆಟ ನೋಡಲು ಬಂದವರು 53,000. ಮರುವರ್ಷ ಗಣಿ ಕಾರ್ಮಿಕರಿಗೆ ಮಾಲೀಕರು ಬಾಗಿಲು ಹಾಕಿದಾಗ, ಆ ಮನೆಗಳ ಗಂಜಿಗಾಗಿಯೂ ಇಂಗ್ಲೆಂಡಿನ ಹೆಂಗಸರ ತಂಡಗಳು ಆಡಿದವು. ಸೈನಿಕರಿಗಾಗಿ ಆಡುವವರೆಗೆ ಎಲ್ಲರಿಗೂ ಚೆಂದವೇ ಇತ್ತು. 1921ರ ಡಿಸೆಂಬರ್ 5ರಂದು ಅಲ್ಲಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಎಂದು ತನ್ನ ಮೈದಾನಗಳ ಗೇಟು ಮುಚ್ಚಿತು. ಕೂಡಿದ ಹಣದಲ್ಲಿ ಖರ್ಚಿನ ಬಾಬತ್ತೇ ಹೆಚ್ಚಾಯಿತು ಎಂಬ ಆಪಾದನೆಯನ್ನೂ ಜೊತೆಗೆ ಹೊರಿಸಿತು. ಆ ಗೇಟು ಮತ್ತೆ ತೆರೆಯಲು ಐವತ್ತು ವರ್ಷ ಹಿಡಿಯಿತು. ಲೆಕ್ಕದ ಪುಸ್ತಕ ಬಿಗಿಯಾಗಿರಬೇಕು ಎಂದು ನಾನು ಮುಂದೆ ಹಟ ಹಿಡಿದರೆ ಈ ಕತೆಯನ್ನು ನೆನಪಿಸಿಕೊಳ್ಳಿ.

ನಮಗೆ ಇನ್ನೂ ಹತ್ತಿರದ ಪಾಠ ಇರುವುದು ಕೀನ್ಯಾದ ನೈರೋಬಿಯಲ್ಲಿ. ಅಲ್ಲಿನ ಮಥಾರೆ ಎಂಬ ಕೊಳೆಗೇರಿಯಲ್ಲಿ 1987ರಲ್ಲಿ ಮಕ್ಕಳ ಫುಟ್‌ಬಾಲ್ ಲೀಗ್ ಶುರುವಾಯಿತು. ಕಸದ ರಾಶಿಗಳ ನಡುವೆ, ಕೊಳಚೆ ಕಾಲುವೆಯ ಪಕ್ಕದಲ್ಲಿ ಆಟ. ಬಾಬ್ ಮನ್ರೊ ಮತ್ತು ಸಂಗಡಿಗರು ಅಲ್ಲೊಂದು ನಿಯಮ ತಂದರು: ವಾರಾಂತ್ಯದಲ್ಲಿ ತನ್ನ ಬೀದಿಯ ಕಸ, ಚರಂಡಿ ಸ್ವಚ್ಛ ಮಾಡಿದ ತಂಡಕ್ಕೆ ಲೀಗ್ ಪಟ್ಟಿಯಲ್ಲಿ ಅಂಕ. ಒಂದು ಪಂದ್ಯ ಗೆದ್ದರೆ 3, ಒಂದು ಸ್ವಚ್ಛತಾ ಕೆಲಸ ಮುಗಿಸಿದರೆ 6. ಎಷ್ಟು ಗೋಲು ಹೊಡೆದರೂ ಸರಿಯೇ, ಕಸ ಮುಟ್ಟದ ತಂಡ ಮೇಲೇರುವುದು ಕಷ್ಟ. 1992ರಲ್ಲಿ ಹುಡುಗಿಯರ ತಂಡಗಳೂ ಸೇರಿಕೊಂಡವು. ಅದೇ ವರ್ಷ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಈ ಲೀಗ್ ನಡೆಸುವ ಸಂಸ್ಥೆಗೆ ತನ್ನ ‘ಗ್ಲೋಬಲ್ 500’ ಪುರಸ್ಕಾರ ಕೊಟ್ಟಿತು. ಅಲ್ಲಿ ಪರಿಸರದ ಮೇಲೆ ಯಾರೂ ಭಾಷಣ ಮಾಡಬೇಕಾಗಲಿಲ್ಲ. ಕೆಲಸ ಅಂಕಪಟ್ಟಿಯೊಳಗೆ ಕೂತಿತ್ತು.

ಕೊಡಗಿನ ಮಹಿಳಾ ಫುಟ್‌ಬಾಲ್ ಕಪ್‌ಗಳಿಗೆ ನಾನು ಕೇಳುವುದೂ ಇಷ್ಟೇ: ಸಂದೇಶವನ್ನು ಬ್ಯಾನರಿನಿಂದ ಇಳಿಸಿ ಅಂಕಪಟ್ಟಿಗೆ ತನ್ನಿ.

ಏನನ್ನು ಅಂಕಕ್ಕೆ ಹಾಕುವುದು ಎಂದು ಕೇಳುತ್ತೀರಾ? ಅದಕ್ಕೇನು ಬರ? ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ದಿನ ಕಾವೇರಮ್ಮೆಯ ತೀರ್ಥಕ್ಕೆ ಕೈಯೊಡ್ಡಿ ನಿಲ್ಲುವ ನಾವು, ಅದೇ ನೀರು ಕುಶಾಲನಗರಕ್ಕೆ ಬರುವಷ್ಟರಲ್ಲಿ ಅದಕ್ಕೆ ಏನೇನು ಸೇರಿಸಿರುತ್ತೇವೆ ಎಂಬುದು ಎಲ್ಲರಿಗೂ ಗೊತ್ತಿದೆ. ಹೋಂಸ್ಟೇ ಕಸ, ಕೋಳಿ ಅಂಗಡಿಯ ಮೂಟೆ, ಬಿಯರ್ ಬಾಟಲಿ, ಕಾಫಿ ಕೊಯ್ಲಿನ ಕಾಲದಲ್ಲಿ ಪಲ್ಪಿಂಗ್ ಮಾಡಿದ ನೀರು. 2024ರ ಬೇಸಿಗೆಯಲ್ಲಿ ಕುಶಾಲನಗರದ ಬಳಿ ಹೊಳೆ ಹರಿಯುವುದನ್ನೇ ನಿಲ್ಲಿಸಿ ಬಂಡೆಗಳ ಸಂದಿಯಲ್ಲಿ ಗುಂಡಿ ಗುಂಡಿಯಾಗಿ ನಿಂತಾಗ, ಅದರ ತಳದಲ್ಲಿದ್ದದ್ದೆಲ್ಲ ಮೇಲೆ ಕಾಣಿಸಿತು. ಇಡೀ ಕಾವೇರಿಯನ್ನು ಒಂದು ತಂಡಕ್ಕೆ ಒಪ್ಪಿಸಲಾಗದು, ನಿಜ. ಆದರೆ ಪ್ರತಿ ಊರಿಗೂ ಒಂದು ತೋಡು, ಅಂದರೆ ಸಣ್ಣ ಹಳ್ಳ, ಇದೆ. ತಂಡ ಹೆಸರು ನೋಂದಾಯಿಸುವಾಗ ತನ್ನ ತೋಡಿನ ಹೆಸರನ್ನೂ ಬರೆಸಲಿ. ಕಪ್‌ಗೆ ಮುಂಚಿನ ಒಂದು ತಿಂಗಳು ಆ ತೋಡಿಗೆ ಕಸ ಬೀಳದಂತೆ ನೋಡಿಕೊಂಡದ್ದಕ್ಕೆ ಅಂಕ. ಪರಿಶೀಲಿಸುವವರು ಯಾರು? ಎದುರಾಳಿ ತಂಡದವರೇ. ಅವರಷ್ಟು ಕಟ್ಟುನಿಟ್ಟಿನ ಅಧಿಕಾರಿ ಯಾವ ಇಲಾಖೆಯಲ್ಲೂ ಸಿಗುವುದಿಲ್ಲ.

ಗದ್ದೆಯ ವಿಷಯವೂ ಹೀಗೆಯೇ. ಕೊಡಗಿನ ಗದ್ದೆ ಅಕ್ಕಿ ಕೊಡುವುದು ಹೌದು, ಅದಕ್ಕಿಂತ ಮುಖ್ಯವಾಗಿ ಮುಂಗಾರಿನ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ನೆಲಕ್ಕಿಳಿಸಿ ಹೊಳೆಗೆ ಬಿಡುತ್ತದೆ. ಕೂಲಿ ಸಿಗದೆ, ಕಾಡಾನೆ ಕಾಟ ತಾಳಲಾರದೆ, ಭತ್ತಕ್ಕೆ ಬೆಲೆ ಇಲ್ಲದೆ ಗದ್ದೆಗಳು ಪಾಳು ಬಿದ್ದಿವೆ. ಪಾಳು ಬಿದ್ದದ್ದಕ್ಕೆ ಮಣ್ಣು ತುಂಬಿ ಲೇಔಟ್ ಮಾಡುವವರು ಕಾದೇ ಇರುತ್ತಾರೆ. ಮಡಿಕೇರಿ ಹತ್ತಿರದ ಕಗ್ಗೋಡ್ಲುವಿನಲ್ಲಿ ಮಳೆಗಾಲದ ಕೆಸರುಗದ್ದೆ ಕ್ರೀಡಾಕೂಟ ನಡೆದುಬಂದಿದೆ. ಮೊಣಕಾಲುದ್ದ ಕೆಸರಿನಲ್ಲಿ ಓಡಿ, ಬಿದ್ದು, ನಕ್ಕು ಏಳುವ ಆ ಆಟದ ಸೊಗಸು ಕಂಡವರಿಗೇ ಗೊತ್ತು. ಮಹಿಳಾ ಫುಟ್‌ಬಾಲ್‌ನ ಒಂದು ಸುತ್ತನ್ನು ಮಳೆಗಾಲಕ್ಕೆ ಇಟ್ಟು ಕೆಸರುಗದ್ದೆಯಲ್ಲಿ ಆಡಿಸಿ. ಪಾಳು ಬಿಟ್ಟ ಗದ್ದೆಯನ್ನು ಉತ್ತು, ಏರಿ ಕಟ್ಟಿ, ಆಟ ಮುಗಿದ ಮೇಲೆ ನಾಟಿ ಮಾಡಿಸುವ ಊರಿನ ತಂಡಕ್ಕೆ ಅಂಕ ಕೊಡಿ. ಗದ್ದೆಯ ಯಜಮಾನರಿಗೆ ಶಾಲು ಹೊದೆಸುವ ಬದಲು ನಾಟಿಗೆ ಹತ್ತು ಜನರನ್ನು ಕಳಿಸಿ. ಅವರಿಗೂ ಅದೇ ಇಷ್ಟವಾಗುವುದು.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಬೆಟ್ಟಗಳು ಜಾರಿದವು. 2019ರ ಆಗಸ್ಟ್‌ನಲ್ಲಿ ತೋರ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರು ವರ್ಷ ಸಾಲಾಗಿ ಹೆಣ ಹುಡುಕಿದ ಜಿಲ್ಲೆ ಇದು. ಅದಾದ ಮೇಲೂ ಸಮಾರಂಭದಲ್ಲಿ ಒಂದು ಸಸಿ ನೆಟ್ಟು, ಅದೇ ಗುಂಡಿಗೆ ಮುಂದಿನ ವರ್ಷ ಇನ್ನೊಂದು ಸಸಿ ನೆಡುವ ಆಟವನ್ನು ನಾವು ಬಿಟ್ಟಿಲ್ಲ. ಸಸಿಗೆ ಅಂಕ ಕೊಡುವುದಾದರೆ ಆ ವರ್ಷ ಕೊಡಬೇಡಿ. ಮರುವರ್ಷ, ಒಂದು ಬೇಸಿಗೆ ದಾಟಿ ಬದುಕಿದ ಗಿಡಕ್ಕೆ ಕೊಡಿ.

ಇನ್ನು ನನ್ನ ಅಂಜಿಕೆ. ಇದನ್ನು ಓದಿದ ಯಾರೋ ಒಬ್ಬರು ತಲೆದೂಗಿ, ‘ಸರಿ, ಮಹಿಳಾ ತಂಡಗಳಿಂದ ಊರು ಗುಡಿಸಿಸೋಣ’ ಎಂದು ಹೊರಟಾರು! ಹೆಣ್ಣುಮಕ್ಕಳಿಗೆ ಪೊರಕೆ ಹಿಡಿಯುವುದನ್ನು ಫುಟ್‌ಬಾಲ್ ಕಲಿಸಬೇಕಾಗಿಲ್ಲ. ಜಾರ್ಖಂಡದ ರಾಂಚಿ ಹತ್ತಿರದ ಹಳ್ಳಿಗಳಲ್ಲಿ ‘ಯುವಾ’ ಎಂಬ ಸಂಸ್ಥೆ 2009ರಿಂದ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದೆ. ಅಲ್ಲಿನ ಹುಡುಗಿಯರು 2013ರಲ್ಲಿ ಸ್ಪೇನಿಗೆ ಹೋಗಿ ಗಾಸ್ತೈಸ್ ಕಪ್‌ನಲ್ಲಿ ಮೂರನೆಯ ಸ್ಥಾನ ಗೆದ್ದು ಬಂದರು. ಪಾಸ್‌ಪೋರ್ಟ್‌ಗೆ ಬೇಕಾದ ಜನನ ಪತ್ರ ಕೇಳಲು ಹೋದಾಗ ಪಂಚಾಯಿತಿ ಕಚೇರಿಯಲ್ಲಿ ತಮ್ಮ ಕೆನ್ನೆಗೆ ಹೊಡೆದು ನೆಲ ಗುಡಿಸಲು ಹೇಳಿದರು ಎಂದು ಆ ಮಕ್ಕಳು ಹೇಳಿದ್ದು ಆಗ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ದೇಶಕ್ಕೆ ಕಪ್ ತರಲು ಹೊರಟವರ ಕೈಗೂ ಮೊದಲು ಸಿಕ್ಕಿದ್ದು ಪೊರಕೆಯೇ.

ಆದ್ದರಿಂದ ನಿಯಮ ಸ್ಪಷ್ಟವಾಗಿರಲಿ. ಮೈದಾನದಲ್ಲಿ ಆಡುವವರು ಹುಡುಗಿಯರು, ತೋಡಿಗಿಳಿದು ಕಸ ಎತ್ತುವವರು ಆ ಊರಿನ ಎಲ್ಲರೂ. ಅಣ್ಣ, ಅಪ್ಪ, ಮಾವ, ಅಂಗಡಿಯವರು, ಹೋಂಸ್ಟೇ ನಡೆಸುವವರು, ಪಂಚಾಯಿತಿ ಸದಸ್ಯರು. ಕೆಲಸಕ್ಕೆ ಬಂದವರಲ್ಲಿ ಅರ್ಧದಷ್ಟಾದರೂ ಗಂಡಸರಿಲ್ಲದಿದ್ದರೆ ಆ ತಂಡಕ್ಕೆ ಅಂಕವಿಲ್ಲ. ಮಗಳು ಸೆಮಿಫೈನಲ್ ತಲುಪಬೇಕಾದರೆ ಅಪ್ಪ ಗಮ್‌ಬೂಟು ಹಾಕಿಕೊಂಡು ಚರಂಡಿಗೆ ಇಳಿಯಲೇಬೇಕು ಎನ್ನುವ ಹಾಗಾಗಲಿ. ಇದೇ ಕಾಲಂ ಗಂಡಸರ ಕಪ್‌ಗಳಿಗೂ ಬರಬೇಕು. ಬಹುಮಾನದ ಮೊತ್ತ ದೊಡ್ಡದಿರುವ ಕಡೆ ಈ ಕಾಲಂ ಇನ್ನೂ ಚೆನ್ನಾಗಿ ಕೆಲಸ ಮಾಡೀತು. ಉದ್ಘಾಟನೆಗೆ ಯಾರನ್ನು ಕರೆಯುವುದು ಎಂಬ ಚರ್ಚೆಯಲ್ಲಿ ಕಮಿಟಿಯ ಅರ್ಧ ಆಯುಸ್ಸು ಕಳೆಯುತ್ತದಲ್ಲ, ಅದಕ್ಕೂ ದಾರಿಯಿದೆ. ಪಂಚಾಯಿತಿಯ ‘ಸ್ವಚ್ಛ ವಾಹಿನಿ’ ಕಸದ ಗಾಡಿ ಓಡಿಸುವ ಸಂಜೀವಿನಿ ಸಂಘದ ಅಕ್ಕಂದಿರಿದ್ದಾರೆ. ಅವರಲ್ಲೊಬ್ಬರು ಚೆಂಡು ಒದ್ದು ಕಪ್ ಆರಂಭಿಸಲಿ. ಊರಿನ ಯಾವ ಮನೆಯಿಂದ ಏನು ಬರುತ್ತದೆ ಎಂದು ಅವರಷ್ಟು ತಿಳಿದವರು ವೇದಿಕೆಯ ಮೇಲೆ ಬೇರೆ ಯಾರೂ ಇರುವುದಿಲ್ಲ.

ಆಡುವವರು ಯಾರು ಎಂಬ ಪ್ರಶ್ನೆಗೆ ಈಗ ಬರಬೇಕು. ನಮ್ಮ ಕಪ್‌ಗಳೆಲ್ಲ ಒಕ್ಕದ ಹೆಸರಿನಲ್ಲಿ, ಕುಟುಂಬದ ಹೆಸರಿನಲ್ಲಿ, ಸಮುದಾಯದ ಹೆಸರಿನಲ್ಲಿ ನಡೆಯುತ್ತವೆ. ಅದು ತಪ್ಪು ಎನ್ನಲಾರೆ. ಚದುರಿಹೋದ ಕುಟುಂಬಗಳನ್ನು ವರ್ಷಕ್ಕೊಮ್ಮೆ ಒಂದೆಡೆ ಸೇರಿಸಿದ್ದು ಆ ಹೆಸರುಗಳೇ. ಆದರೆ ಐನ್‌ಮನೆ, ಅಂದರೆ ಕುಟುಂಬದ ಮೂಲಮನೆ, ಇಲ್ಲದವರು? ತೋಟದ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದ ಪಣಿ ಎರವರ ಹುಡುಗಿ, ಜೇನು ಕುರುಬರ ಹುಡುಗಿ, ಅಸ್ಸಾಮಿನಿಂದ ಬಂದ ಕೂಲಿಯವರ ಮಗಳು ಯಾವ ಕುಟುಂಬದ ಜರ್ಸಿ ತೊಡಬೇಕು? 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ತೆರವಿನಲ್ಲಿ ಗುಡಿಸಲು ಕಳೆದುಕೊಂಡ ಆದಿವಾಸಿ ಕುಟುಂಬಗಳ ಮಕ್ಕಳು ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ಬೆಳೆಯುತ್ತಿದ್ದಾರೆ. ಅವರ ಕಾಲಿನ ವೇಗ ಯಾವ ಕಪ್‌ನಲ್ಲೂ ಲೆಕ್ಕಕ್ಕೆ ಬಂದಿಲ್ಲ. ಮಹಿಳಾ ಫುಟ್‌ಬಾಲ್ ತಂಡವನ್ನು ಊರಿನ ಮೇಲೆ ಕಟ್ಟಿ, ತೋಡಿನ ಮೇಲೆ ಕಟ್ಟಿ. ಒಂದೇ ತೋಡಿನ ನೀರು ಕುಡಿಯುವವರೆಲ್ಲ ಒಂದೇ ತಂಡ. ಬಂಗಲೆಯ ಹುಡುಗಿಯೂ ಲೈನ್‌ಮನೆಯ ಹುಡುಗಿಯೂ ಒಬ್ಬರಿಗೊಬ್ಬರು ಪಾಸ್ ಕೊಡದೆ ಗೋಲಾಗದು ಎನ್ನುವ ಆಟ ಇದು. ಸ್ಟಿಕ್ ಬೇಡ, ಟರ್ಫ್ ಬೇಡ, ಚೆಂಡೊಂದು ಸಾಕು.

ಚೆಂಡೊಂದು ಸಾಕು ಎಂದು ಹೇಳುವುದು ಸುಲಭ. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಸುತ್ತಿನ ತೋಟದ ದಾರಿಯಲ್ಲಿ ಸಂಜೆ ಐದರ ಮೇಲೆ ನಡೆದು ನೋಡಿ. ಯಾವ ಕಾಫಿ ಗಿಡದ ಮರೆಯಲ್ಲಿ ಆನೆ ನಿಂತಿದೆಯೋ! ಅಭ್ಯಾಸಕ್ಕೆ ಬಂದ ಹುಡುಗಿ ಕತ್ತಲೆಗೆ ಮುಂಚೆ ಮನೆ ಸೇರದಿದ್ದರೆ ತಾಯಿಯ ಜೀವ ಬಾಯಿಗೆ ಬರುತ್ತದೆ. ‘ಆಟವೂ ಬೇಡ ಗೀಟವೂ ಬೇಡ’ ಎಂದು ಅವಳು ಗದರಿದರೆ ಅದನ್ನು ಹಳೇ ಕಾಲದ ಬುದ್ಧಿ ಎಂದು ನಗುವ ಹಕ್ಕು ನಮಗಿಲ್ಲ. ತೋಟದ ಮಾಲೀಕರೇ, ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಎಂಟಕ್ಕೆ ಆಳುಗಳನ್ನು ಕರೆತರಲು ಜೀಪ್ ಹೊರಡುತ್ತದೆ. ವಾರಕ್ಕೆರಡು ಸಂಜೆ ಅದೇ ಜೀಪ್ ಹುಡುಗಿಯರನ್ನು ಲೈನಿಗೆ ಬಿಟ್ಟು ಬರಲಿ. ಪಂದ್ಯದ ದಿನ ಆಡುವ ಹೆಂಗಸರ ಕೂಲಿ ಕತ್ತರಿಸಬೇಡಿ. ನೀವು ಕೊಡುವ ಬೆಳ್ಳಿ ಕಪ್‌ಗಿಂತ ಇದು ಅಗ್ಗ, ಉಪಯೋಗ ಹೆಚ್ಚು.

ಶೌಚಾಲಯವಿಲ್ಲದ ಮೈದಾನದಲ್ಲಿ ಮಹಿಳಾ ಕಪ್ ನಡೆಸಬೇಡಿ. ಮುಟ್ಟಿನ ದಿನ ಆಟ ತಪ್ಪಿಸಿಕೊಳ್ಳುವ ಹುಡುಗಿಯರು, ಅದಕ್ಕಾಗಿಯೇ ಆಟ ಬಿಡುವ ಹುಡುಗಿಯರು ಎಲ್ಲ ಊರಿನಲ್ಲೂ ಇದ್ದಾರೆ. ರಾಜ್ಯ ಸರ್ಕಾರದ ‘ಶುಚಿ’ ಯೋಜನೆಯಲ್ಲಿ ಶಾಲಾ ಹುಡುಗಿಯರಿಗೆ ಪ್ಯಾಡ್ ಕೊಡುತ್ತಾರೆ. ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಮುಟ್ಟಿನ ಕಪ್ ಕೊಡುವ ಕೆಲಸವೂ ನಡೆಯಿತು. ಕೇರಳದ ಆಲಪ್ಪುಳ ಜಿಲ್ಲೆಯ ಮುಹಮ್ಮ ಪಂಚಾಯಿತಿ, ಪ್ಲಾಸ್ಟಿಕ್ ಪ್ಯಾಡ್ ಬಿಟ್ಟು ಬಟ್ಟೆ ಪ್ಯಾಡ್ ಮತ್ತು ಕಪ್‌ಗೆ ಊರನ್ನೇ ಹೊರಳಿಸಲು ಹೊರಟು ಹೆಸರಾಯಿತು. ಹೊಳೆಯ ಕಸವೂ ಹೆಣ್ಣಿನ ಮೈಯ ನೆಮ್ಮದಿಯೂ ಕೂಡುವ ಜಾಗ ಇದು. ನಾಲ್ಕು ಗೋಡೆಯ ನಡುವೆ ನರ್ಸಮ್ಮ ಹೇಳಿದಾಗ ತಲೆ ತಗ್ಗಿಸುವ ಹುಡುಗಿ, ಆಟಗಾರ್ತಿ ಅಕ್ಕ ಬೂಟು ಬಿಚ್ಚುತ್ತಾ ಹೇಳಿದರೆ ಕೇಳುತ್ತಾಳೆ.

ಕೊಲಂಬಿಯಾದ ಮೆಡೆಲಿನ್ ಊರಿನಿಂದ ಇನ್ನೊಂದು ನಿಯಮ ಎರವಲು ತರಬಹುದು. 1994ರ ವಿಶ್ವಕಪ್‌ನಲ್ಲಿ ಸ್ವಂತ ಗೋಲು ಕೊಟ್ಟ ಆಂದ್ರೆಸ್ ಎಸ್ಕೊಬಾರ್‌ನನ್ನು ಅಲ್ಲಿ ಗುಂಡಿಟ್ಟು ಕೊಂದರು. ಆ ನೋವಿನಲ್ಲಿ ಹುಟ್ಟಿದ ಬೀದಿ ಫುಟ್‌ಬಾಲ್‌ನಲ್ಲಿ ರೆಫರಿ ಇರಲಿಲ್ಲ. ಪ್ರತಿ ತಂಡದಲ್ಲೂ ಹೆಣ್ಣುಮಕ್ಕಳು ಇರಲೇಬೇಕು, ಮೊದಲ ಗೋಲು ಹೆಣ್ಣೇ ಹೊಡೆಯಬೇಕು. ಆಟ ಮುಗಿದ ಮೇಲೆ ಎರಡೂ ತಂಡ ಕೂತು ಮಾತಾಡಿ, ಯಾರು ನ್ಯಾಯವಾಗಿ ಆಡಿದರು ಎಂದು ತಾವೇ ಅಂಕ ಹಂಚಿಕೊಳ್ಳಬೇಕು. ನಮ್ಮಲ್ಲಿಯೂ ಪಂದ್ಯದ ಬಳಿಕ ಅರ್ಧ ಗಂಟೆ ಹಾಗೆ ಕೂತರೆ ಮಾತು ಆಟದಲ್ಲೇ ನಿಲ್ಲುವುದಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಯಾಕೆ ಬಿಟ್ಟಳು, ಹದಿನೆಂಟಾಗದವಳ ಮದುವೆ ಯಾವ ಮನೆಯಲ್ಲಿ ಗೊತ್ತಾಗುತ್ತಿದೆ, ವಾರದ ಬಟವಾಡೆ ಯಾವ ಅಂಗಡಿಯಲ್ಲಿ ಮುಗಿಯುತ್ತದೆ ಎಂಬುದೆಲ್ಲ ಬರುತ್ತದೆ. ಹಾಗೆ ಬಂದದ್ದನ್ನು ಮೈಕಿನಲ್ಲಿ ಕೂಗಬೇಡಿ. ಅಂಗನವಾಡಿ ಟೀಚರನ್ನೂ ಆಶಾ ಕಾರ್ಯಕರ್ತೆಯನ್ನೂ ಆ ಅರ್ಧ ಗಂಟೆಗೆ ಕರೆಸಿ ಕೂರಿಸಿ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಜರ್ಸಿಯ ತೋಳಿನ ಮೇಲೆ ಅಚ್ಚು ಹಾಕಿಸಿ. ಅಲ್ಲಿ ಪ್ರಾಯೋಜಕರ ಹೆಸರಿಗಿಂತ ಇದಕ್ಕೆ ಬೆಲೆ ಹೆಚ್ಚು.

ಪ್ರಾಯೋಜಕರ ಮಾತು ಬಂತಲ್ಲ, ಅಳುಕಿಲ್ಲದೆ ಹೇಳಿಬಿಡುತ್ತೇನೆ. ಗದ್ದೆಗೆ ಮಣ್ಣು ತುಂಬಿದವರ ಹಣದಲ್ಲಿ ‘ಗದ್ದೆ ಉಳಿಸಿ’ ಕಪ್ ನಡೆಸಬೇಡಿ. ಕೊಳಚೆಯನ್ನು ಹೊಳೆಗೆ ಬಿಡುವ ರೆಸಾರ್ಟಿನ ಹೆಸರನ್ನು ಹೊಳೆ ಗುಡಿಸುವ ಹುಡುಗಿಯರ ಎದೆಯ ಮೇಲೆ ಬರೆಸಬೇಡಿ. ಹೆಂಡದಂಗಡಿಯ ಟ್ರೋಫಿಯನ್ನು, ಹೆಂಡದಿಂದ ಮನೆ ಕಳೆದುಕೊಂಡವರ ಮಗಳ ಕೈಗೆ ಕೊಡಬೇಡಿ. ‘ಹಣ ಎಲ್ಲಿಂದ ಬಂದರೇನು, ಕೆಲಸ ಒಳ್ಳೆಯದಲ್ಲವೇ’ ಎಂಬ ವಾದ ನನಗೂ ಗೊತ್ತು. ದೊಡ್ಡ ಕಪ್ ಬೇಡ, ಚಿಕ್ಕ ಕಪ್ ಸಾಕು. ಬಹುಮಾನ ಇಲ್ಲದಿದ್ದರೂ ಸಾಕು, ಮುಂದಿನ ವರ್ಷಕ್ಕೆ ಬೂಟು ಸಿಕ್ಕರೆ ಆಯಿತು. ಮನೆಮನೆಯಲ್ಲಿ ಕಾಲಿಗಾಗದ ಬೂಟು ಅಟ್ಟ ಸೇರಿರುತ್ತದೆ, ಅದನ್ನು ಕೂಡಿಸಿ. ಬಂದ ಹಣ, ಹೋದ ಹಣ ಎರಡನ್ನೂ ಮೈದಾನದ ಗೋಡೆಗೆ ಕೈಬರಹದಲ್ಲಿ ಬರೆದು ಅಂಟಿಸಿ. ಪ್ರೆಸ್ಟನ್ನಿನ ಹುಡುಗಿಯರ ಮೇಲೆ ಹೊರಿಸಿದ ಆಪಾದನೆಯನ್ನು ನಮ್ಮ ಹುಡುಗಿಯರ ಮೇಲೆ ಹೊರಿಸಲು ಯಾರಿಗೂ ಸಂದು ಸಿಗಬಾರದು.

2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಭಾರತದ ಹೆಣ್ಣುಮಕ್ಕಳು ಥಾಯ್ಲೆಂಡನ್ನು 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿದರು; ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಹೊಡೆದದ್ದು. ಮೊಬೈಲಿನಲ್ಲಿ ಅದನ್ನು ನೋಡಿದ ಹುಡುಗಿ ನಿಮ್ಮ ಊರಿನಲ್ಲೂ ಇದ್ದಾಳೆ. ಕಾಲೇಜಿನಲ್ಲಿ ಆಡಿ, ಮದುವೆಯಾದ ಮೇಲೆ ಬೂಟು ಕಟ್ಟಿಟ್ಟ ಅಕ್ಕಂದಿರೂ ಇದ್ದೀರಿ. ನೀವು ಕೋಚ್ ಆಗಿ ಬನ್ನಿ. ಪಿಟಿ ಮಾಸ್ಟರ್‌ಗಳೇ, ಹಳ್ಳಿ ಶಾಲೆಯ, ಆಶ್ರಮ ಶಾಲೆಯ ಹುಡುಗಿಯರ ಪಟ್ಟಿ ನಿಮ್ಮಲ್ಲಿದೆ, ಕಮಿಟಿಗೆ ಕೊಡಿ. ಕಮಿಟಿಯವರೇ, ಮುಂದಿನ ಸಭೆಯಲ್ಲಿ ಅರ್ಧ ಕುರ್ಚಿಗಳನ್ನು ಹೆಂಗಸರಿಗೆ ಬಿಟ್ಟುಕೊಡಿ, ಚಹಾ ತರಲು ಅವರನ್ನು ಎಬ್ಬಿಸಬೇಡಿ. ನೋಂದಣಿಯ ಅರ್ಜಿ ಅಚ್ಚಿಗೆ ಹೋಗುವ ಮುಂಚೆ ‘ತಂಡದ ಹೆಸರು’ ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ತೋಡಿನ ಹೆಸರು’.